ಪೆನಾಂಗ್‌ನಲ್ಲಿ ಬೆಟ್ಟದ ಬುಡದ ಮನೆ, ಹಿಂದೆ ತೋಡು: ಬಾಡಿಗೆಗೆ ತಗೊಳ್ಳಬಹುದಾ?

ಪುತ್ತೂರಿನವ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ. ಬಯಾನ್ ಲೆಪಾಸ್‌ನ ಒಂದು ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ. ಬಂದು ನಾಲ್ಕು ವರ್ಷ ಆಯ್ತು. ಇಷ್ಟು ದಿನ ಹದಿನಾಲ್ಕನೇ ಮಹಡಿಯ ಫ್ಲ್ಯಾಟ್‌ನಲ್ಲಿದ್ದೆವು. ಮುಂದಿನ ತಿಂಗಳು ಊರಿಂದ ಅಪ್ಪ ಅಮ್ಮ ಬರುತ್ತಾರೆ. ಅಮ್ಮನಿಗೆ ಲಿಫ್ಟ್ ಅಂದರೆ ಆಗಲ್ಲ. ಅದಕ್ಕೆ ನೆಲಮಟ್ಟದ ಮನೆ ಹುಡುಕುತ್ತಿದ್ದೇವೆ.

ಒಂದು ಸಾಲುಮನೆ ಸಿಕ್ಕಿದೆ. ಮುಂದೆ ರಸ್ತೆ, ಹಿಂದೆ ಸಣ್ಣ ಅಂಗಳ, ಅಂಗಳದ ಆಚೆ ತೋಡು. (ಘಟ್ಟದ ಮೇಲಿನವರಿಗೆ: ತೋಡು ಅಂದರೆ ಸಣ್ಣ ಹಳ್ಳ.) ತೋಡಿಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿದ್ದಾರೆ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ. ಬೆಟ್ಟ ಶುರುವಾಗುವುದು ಸುಮಾರು ಮುನ್ನೂರು ಮೀಟರ್ ಆಚೆ. ಮನೆ ಇರುವುದು ಪೂರ್ತಿ ಸಮತಟ್ಟಾದ ಜಾಗದಲ್ಲಿ. ಬಾಡಿಗೆ ಕಡಿಮೆ. ಇಪ್ಪತ್ತು ವರ್ಷದಲ್ಲಿ ಒಂದು ಹನಿ ನೀರು ಬಂದಿಲ್ಲ ಅಂತ ಮಾಲೀಕರು ಹೇಳಿದರು.

ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಜಾಗ ತೋರಿಸಿದೆ. ಮನೆ ಎದುರಿನ ಪಾರ್ಕಿನಲ್ಲಿ ಆಟೋರಿಕ್ಷಾದಷ್ಟು ದೊಡ್ಡ ಉರುಟು ಕಲ್ಲಿದೆ, ಮಕ್ಕಳು ಹತ್ತಿ ಆಡುತ್ತಿದ್ದರು. ಅಪ್ಪ ಮನೆ ನೋಡಲೇ ಇಲ್ಲ. "ಆ ಕಲ್ಲನ್ನ ಅಲ್ಲಿಗೆ ಯಾರು ತಂದರು ಮಗಾ?" ಅಂತ ಕೇಳಿದರು. ಆಮೇಲೆ ನನಗೂ ನಿದ್ದೆ ಬರುತ್ತಿಲ್ಲ. ಗೊತ್ತಿದ್ದವರು ಹೇಳಿ.

ಬಾಡಿಗೆಮನೆ · ಭಾನುವಾರ ರಾತ್ರಿ

ನಾನು ಇಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಅಷ್ಟೆಲ್ಲ ಹೆದರಬೇಡಿ. 2017ರ ನವೆಂಬರ್ 4ರ ರಾತ್ರಿ ದೊಡ್ಡ ಮಳೆ ಬಂತು. ಕೆಲವು ಕಡೆ ಒಂದೇ ದಿನಕ್ಕೆ 300 ಮಿ.ಮೀ. ದಾಟಿತು. ಸಮುದ್ರದಲ್ಲಿ ಉಬ್ಬರವೂ ಇತ್ತು, ಹಾಗಾಗಿ ಸುಂಗೈ ಪಿನಾಂಗ್ ನದಿಯ ನೀರು ಹೊರಗೆ ಹೋಗಲೇ ಇಲ್ಲ. ಜಾರ್ಜ್‌ಟೌನ್‌ನ ತಗ್ಗು ಭಾಗಗಳಲ್ಲಿ ಎದೆಮಟ್ಟ ನೀರು. ರಾತ್ರೋರಾತ್ರಿ ಸೇನೆಯನ್ನು ಕರೆಸಿದರು, ಏಳು ಜನ ತೀರಿಕೊಂಡರು. ಆದರೆ ಅದು ನದಿ ಪಕ್ಕದ ತಗ್ಗಿನ ಕಥೆ. ನಿಮ್ಮದು ಬೆಟ್ಟದ ಕಡೆ, ಸ್ವಲ್ಪ ಎತ್ತರದಲ್ಲೇ ಇದೆ ಅಲ್ವಾ? ನೀರು ನಿಲ್ಲುವುದಿಲ್ಲ. ಗುಡ್ಡವೂ ಮುನ್ನೂರು ಮೀಟರ್ ದೂರ. ಕುಸಿದರೂ ಅಲ್ಲಿಗೆ ಬರಲ್ಲ.

ಕಲ್ಲುಮಣ್ಣು · ಸೋಮವಾರ ಬೆಳಿಗ್ಗೆ

ಭೂವಿಜ್ಞಾನ ಪಾಠ ಮಾಡುವವನು ನಾನು. ನಿಮ್ಮ ತಂದೆ ಕೇಳಿದ್ದು ಸರಿಯಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ಮೊದಲು ಒಂದು ಎಚ್ಚರಿಕೆ. ಪೆನಾಂಗ್‌ನ ಬೆಟ್ಟಗಳೆಲ್ಲ ಗ್ರಾನೈಟ್. ಬಿಸಿ ಮತ್ತು ಮಳೆಗೆ ಗ್ರಾನೈಟ್ ಬಿರುಕಿನ ಗುಂಟ ಕೊಳೆತು ಮಣ್ಣಾಗುತ್ತದೆ. ನಡುವಿನ ಗಟ್ಟಿ ಭಾಗ ಉರುಟಾಗಿ ಹಾಗೇ ಉಳಿಯುತ್ತದೆ. ಸುತ್ತಲಿನ ಮಣ್ಣು ತೊಳೆದು ಹೋದರೆ ಉರುಟು ಕಲ್ಲು ಇದ್ದಲ್ಲೇ ಎದ್ದು ಕೂರುತ್ತದೆ. ಆದ್ದರಿಂದ ಒಂದೇ ಒಂದು ಕಲ್ಲು ನೋಡಿ ಏನೂ ಹೇಳಲಾಗದು.

ಈಗ 'ಬಾಡಿಗೆಮನೆ' ಅವರ ಮಾತಿಗೆ ಬರುತ್ತೇನೆ. ಗುಡ್ಡದಿಂದ ಮುನ್ನೂರು ಮೀಟರ್ ದೂರ ಅಂದಿರಿ. ಹಳ್ಳದ ಬಾಯಿಯಿಂದ ಎಷ್ಟು ದೂರ ಅಂತ ಅಳೆದು ನೋಡಿ. ಹಳ್ಳ ಬೆಟ್ಟದ ಇಕ್ಕಟ್ಟಿನಿಂದ ಹೊರಗೆ ಬಂದು ಬಯಲಿಗೆ ಬೀಳುವ ಜಾಗ ಅದು. ಗೋಡೆಗೆ ಒರಗಿಸಿದ ಅಕ್ಕಿ ಮೂಟೆ ತೂತಾದರೆ ಅಕ್ಕಿ ಹೇಗೆ ಬೀಸಣಿಗೆ ಹಾಗೆ ಹರಡಿಕೊಳ್ಳುತ್ತದೆ? ಹಳ್ಳ ಹೊತ್ತು ತಂದ ಕಲ್ಲು, ಮಣ್ಣು, ಮರ ಎಲ್ಲ ಅಲ್ಲಿ ಹಾಗೇ ಹರಡುತ್ತದೆ. ಸಾವಿರಾರು ವರ್ಷ ಹೀಗೆ ಬಿದ್ದು ಬಿದ್ದು ಆ ಜಾಗ ಹದವಾದ ಇಳಿಜಾರು ಆಗುತ್ತದೆ. ಕಣ್ಣಿಗೆ ಸಮತಟ್ಟು ಅನ್ನಿಸುತ್ತದೆ. ದ್ವೀಪದಲ್ಲಿ ಸಮುದ್ರಕ್ಕೂ ಬೆಟ್ಟದ ತುದಿಗೂ ಅಂತರ ಕೆಲವೇ ಕಿಲೋಮೀಟರ್. ಪೆನಾಂಗ್ ಹಿಲ್ 833 ಮೀಟರ್ ಎತ್ತರ, ಕೆಳಗೇ ಊರು. ಬೆಟ್ಟದ ಬುಡದಲ್ಲಿ ಮನೆ ಕಟ್ಟಲು ಸಿಗುವ ಸಮ ಜಾಗ ಬಹಳಷ್ಟು ಇಂಥ ಹಳ್ಳದ ಬಾಯಿಗಳೇ. ಹವಾಯಿ ಇರಲಿ, ಕೆರಿಬಿಯನ್‌ನ ಪೋರ್ಟೊ ರಿಕೊ ಇರಲಿ, ಬೆಟ್ಟವಿರುವ ದ್ವೀಪಗಳಲ್ಲಿ ಹೆಚ್ಚಾಗಿ ಇದೇ ಸ್ಥಿತಿ.

ಅಲ್ಲಿ ಬರುವುದು ಬರೀ ನೀರಲ್ಲ. ಮೇಲೆಲ್ಲೋ ಗುಡ್ಡದ ಒಂದು ಚೂರು ಜಾರಿ ಹಳ್ಳಕ್ಕೆ ಬೀಳುತ್ತದೆ. ಹಳ್ಳದಲ್ಲಿ ನೀರು ತುಂಬಿದ್ದರೆ ಎಲ್ಲ ಕಲಸಿಕೊಂಡು ಕಾಂಕ್ರೀಟ್ ಹಾಗೆ ಹೊರಡುತ್ತದೆ. ದಾರಿಯಲ್ಲಿ ಹಳ್ಳದ ತಳವನ್ನೂ ದಂಡೆಯನ್ನೂ ಕೆರೆದುಕೊಂಡು ದೊಡ್ಡದಾಗುತ್ತಾ ಬರುತ್ತದೆ. ಶುರುವಾದಾಗ ಒಂದು ಮನೆಯಷ್ಟಿದ್ದದ್ದು ಕೆಳಗೆ ಬರುವಾಗ ಹತ್ತು ಪಟ್ಟು ಆಗಬಹುದು. ಗಂಟೆಗೆ 50 ಕಿ.ಮೀ. ವೇಗವೂ ದಾಟಬಹುದು. ದೊಡ್ಡ ಕಲ್ಲು ಮತ್ತು ಮರಗಳೇ ಮುಂಭಾಗದಲ್ಲಿರುತ್ತವೆ. ಗುಡ್ಡ ಕುಸಿಯುವುದು ಮೇಲೆ, ಜನ ಸಾಯುವುದು ಕೆಳಗೆ. ಇದು ಎಷ್ಟೋ ಜನರಿಗೆ ತಲೆಗೆ ಹೋಗುವುದೇ ಇಲ್ಲ.

ನೀವು ಒಂದು ಕೆಲಸ ಮಾಡಿ. ಮಳೆ ಇಲ್ಲದ ಹಗಲು ನೋಡಿ ತೋಡಿನ ಗುಂಟ ಮೇಲಕ್ಕೆ ನಡೆಯಿರಿ. ಒಬ್ಬರೇ ಹೋಗಬೇಡಿ. ದಂಡೆ ಕಡಿದ ಜಾಗ, ಮರದ ಬುಡ, ಮೋರಿ ಬಾಯಿ, ಮೇಲೆ ಹೊಸದಾಗಿ ಮಣ್ಣು ಅಗೆದ ಜಾಗ ಇವನ್ನೆಲ್ಲ ನೋಡಿ ಬಂದು ಹೇಳಿ.

ಇಳಿಜಾರು · ಸೋಮವಾರ ಮಧ್ಯಾಹ್ನ

ಹಾಂಗ್‌ಕಾಂಗ್‌ನಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದೇನೆ. ಕೆಲಸವೇ ಇಳಿಜಾರುಗಳದ್ದು. ಕಲ್ಲುಮಣ್ಣು ಸರ್ ಹೇಳಿದ್ದಕ್ಕೆ ಇಲ್ಲಿನದನ್ನು ಸೇರಿಸುತ್ತೇನೆ.

1972ರ ಜೂನ್ 18. ಮೂರು ದಿನ ಬಿಡದೆ ಮಳೆ. ಮಧ್ಯಾಹ್ನ ಕೌಲೂನ್ ಬದಿಯ ಸೌ ಮೌ ಪಿಂಗ್‌ನಲ್ಲಿ ರಸ್ತೆಗೆಂದು ತುಂಬಿಸಿದ್ದ ಮಣ್ಣು ಕೆಸರಾಗಿ ಹರಿದು ಗುಡಿಸಲುಗಳ ಮೇಲೆ ಬಿತ್ತು. 71 ಜನ. ಅದೇ ರಾತ್ರಿ ಹಾಂಗ್‌ಕಾಂಗ್ ದ್ವೀಪದ ಪೋ ಶಾನ್ ರಸ್ತೆಯ ಗುಡ್ಡ ಜಾರಿ ಹನ್ನೆರಡು ಅಂತಸ್ತಿನ ಕಟ್ಟಡವನ್ನೇ ಉರುಳಿಸಿತು. 67 ಜನ. ಗುಡಿಸಲಿನವರೂ ಸತ್ತರು, ಸಿರಿವಂತರೂ ಸತ್ತರು. 1976ರಲ್ಲಿ ಸೌ ಮೌ ಪಿಂಗ್‌ನಲ್ಲಿ ಮತ್ತೆ ಕುಸಿದು 18 ಜನ ಹೋದರು. 1977ರಲ್ಲಿ ಇಳಿಜಾರು ನೋಡಿಕೊಳ್ಳಲಿಕ್ಕೇ ಒಂದು ಸರ್ಕಾರಿ ಕಚೇರಿ ಮಾಡಿದರು. ಈಗ ಸುಮಾರು 60,000 ಮಾನವ ನಿರ್ಮಿತ ಇಳಿಜಾರುಗಳ ದಾಖಲೆ ಇದೆ. ರಸ್ತೆ ಬದಿಯಲ್ಲಿ ನಡೆದರೆ ಗೋಡೆ ಮೇಲೆ ನಂಬರ್ ಫಲಕ ಕಾಣುತ್ತದೆ. ಖಾಸಗಿ ಜಾಗದ ಇಳಿಜಾರಿನ ರಿಪೇರಿ ಆ ಮಾಲೀಕರ ಜವಾಬ್ದಾರಿ. ಮಳೆ ಇಷ್ಟು ದಾಟಿತು ಅಂದರೆ ರೇಡಿಯೋ, ಟಿವಿ, ಮೊಬೈಲ್ ಎಲ್ಲದರಲ್ಲೂ ಗುಡ್ಡ ಕುಸಿತದ ಎಚ್ಚರಿಕೆ ಬರುತ್ತದೆ.

ಆದರೂ ನಾವು ದೀರ್ಘಕಾಲ ನೋಡಿದ್ದು ಮನುಷ್ಯ ಕಡಿದ ಗುಡ್ಡಗಳನ್ನೇ. ಮುಟ್ಟದ ಕಾಡುಗುಡ್ಡದ ಕಡೆ ಜಾಸ್ತಿ ಗಮನ ಹೋಗಿರಲಿಲ್ಲ. 2008ರ ಜೂನ್ 7ರಂದು ಲಾಂಟೌ ದ್ವೀಪದ ಮೇಲೆ ಬಿದ್ದ ಮಳೆಗೆ ಎರಡು ಸಾವಿರಕ್ಕೂ ಹೆಚ್ಚು ಕಡೆ ಕಾಡುಗುಡ್ಡ ಜಾರಿತು. ತುಂಗ್ ಚುಂಗ್ ಎಂಬ ಹೊಸ ಪಟ್ಟಣದ ಪಕ್ಕ ಒಂದು ಹಳ್ಳದಿಂದ ಸಾವಿರಾರು ಘನ ಮೀಟರ್ ಕಲ್ಲು ಮಣ್ಣು ಬಂದು ಯು ತುಂಗ್ ರಸ್ತೆ ಮೇಲೆ ಬಿತ್ತು. ಆಗಿನಿಂದ ಹಳ್ಳಗಳ ಬಾಯಿಗೆ ಗಟ್ಟಿ ಕಾಂಕ್ರೀಟ್ ತಡೆ, ಉಕ್ಕಿನ ಬಳೆಗಳಿಂದ ಹೆಣೆದ ಬಲೆ ಹಾಕುವ ಕೆಲಸ ಜೋರಾಗಿದೆ. ಬಲೆ ಕಲ್ಲು ಮರಗಳನ್ನು ಹಿಡಿಯುತ್ತದೆ, ನೀರನ್ನು ಬಿಡುತ್ತದೆ. ತುಂಬಿದ ಮೇಲೆ ಖಾಲಿ ಮಾಡಬೇಕು. ಮಾಡದಿದ್ದರೆ ಅದೇ ಒಂದು ಕಟ್ಟೆ ಆಗುತ್ತದೆ.

ನಿಮ್ಮ ತೋಡಿನ ಮೇಲ್ಗಡೆ ಇಂಥದ್ದೇನಾದರೂ ಇದೆಯಾ ನೋಡಿ.

ಬಾಡಿಗೆಮನೆ · ಸೋಮವಾರ ಸಂಜೆ

ಒಪ್ಪುತ್ತೇನೆ, ನನಗೆ ಇಷ್ಟು ಗೊತ್ತಿರಲಿಲ್ಲ. ಆದರೆ ಒಂದು ಮಾತು. ಇಲ್ಲೂ ನಿಯಮ ಇದೆ. 76 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಅಥವಾ 25 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಕಟ್ಟುವಂತಿಲ್ಲ.

ಕಲ್ಲುಮಣ್ಣು · ಸೋಮವಾರ ಸಂಜೆ

ನಿಯಮ ಇದೆ ನಿಜ. 'ವಿಶೇಷ ಯೋಜನೆ' ಅನ್ನುವ ವಿನಾಯಿತಿಯೂ ಇದೆ, ಅದರ ಬಗ್ಗೆ ಅಲ್ಲಿನ ನಾಗರಿಕ ಸಂಘಟನೆಗಳು ವರ್ಷಗಳಿಂದ ಜಗಳ ಮಾಡುತ್ತಿವೆ. 2017ರ ಅಕ್ಟೋಬರ್ 21ರಂದು ತಂಜುಂಗ್ ಬುಂಗಾದಲ್ಲಿ ಕಟ್ಟಡ ಕೆಲಸದ ಜಾಗದಲ್ಲೇ ಮಣ್ಣು ಕುಸಿದು 11 ಜನ ಸತ್ತರು. ಹೆಚ್ಚುಕಡಿಮೆ ಒಂದು ವರ್ಷಕ್ಕೆ, 2018ರ ಅಕ್ಟೋಬರ್ 19ರಂದು, ಬುಕಿಟ್ ಕುಕುಸ್‌ನಲ್ಲಿ ರಸ್ತೆ ಕೆಲಸದ ಜಾಗದಲ್ಲಿ ಕುಸಿದು 9 ಜನ. ಹೆಚ್ಚಿನವರು ಬೇರೆ ದೇಶಗಳಿಂದ ಕೂಲಿಗೆ ಬಂದವರು. ಅವರ ಊರಿನವರಿಗೆ ಆ ಬೆಟ್ಟದ ಹೆಸರೂ ಗೊತ್ತಿರಲಿಕ್ಕಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಇನ್ನೊಂದು ವಿಷಯ. ನಿಯಮ ಹೇಳುವುದು ಎಲ್ಲಿ ಕಟ್ಟಬಾರದು ಅಂತ. ಹಳ್ಳದ ಬಾಯಿ 76 ಮೀಟರ್‌ಗಿಂತ ಕೆಳಗೆ, ಸಮ ಜಾಗದಲ್ಲಿ ಇರುತ್ತದೆ. ಆ ಎರಡು ಅಂಕಿಗಳ ಲೆಕ್ಕಕ್ಕೆ ಅದು ಸಿಗುವುದೇ ಇಲ್ಲ.

ಕಾಫಿತೋಟ · ಸೋಮವಾರ ರಾತ್ರಿ

ನಾನು ದ್ವೀಪದವಳಲ್ಲ, ಕೊಡಗಿನವಳು. ಓದಿ ಸುಮ್ಮನಿರಲು ಆಗಲಿಲ್ಲ.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಏನಾಯಿತು ಅಂತ ಎಲ್ಲರಿಗೂ ಗೊತ್ತು. ನಾವು ಬರೆ ಕುಸಿತ ಅಂತೀವಿ, ಬರೆ ಅಂದರೆ ಕಡಿದಾದ ಮಣ್ಣಿನ ದಂಡೆ. ಮನೆ ಹಿಂದಿನ ಬರೆ ಜಾರುವುದು ನಮಗೆ ಪ್ರತಿ ಮಳೆಗಾಲದ ಮಾತು. ಆ ವರ್ಷ ಜೋಡುಪಾಲದ ಕಡೆ ಬಂದದ್ದು ಬೇರೆಯೇ. ನಮ್ಮ ಚಿಕ್ಕಮ್ಮನ ಮನೆ ಹೊಳೆಗೆ ಹತ್ತಿರ ಇತ್ತು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಮಳೆ ಸುರಿಯುತ್ತಲೇ ಇತ್ತು, ಆದರೆ ಹೊಳೆ ನೀರು ಇದ್ದಕ್ಕಿದ್ದಂತೆ ಕಡಿಮೆ ಆಯಿತಂತೆ. ಬಣ್ಣ ರಾಗಿ ಅಂಬಲಿಯ ಹಾಗೆ. ಹಸಿ ಮಣ್ಣಿನ ವಾಸನೆ, ಬೇರು ಕಿತ್ತಾಗ ಬರುತ್ತದಲ್ಲ ಅದು. ಚಿಕ್ಕಪ್ಪ "ನೀರು ಇಳೀತು, ಪರವಾಗಿಲ್ಲ" ಅಂದರಂತೆ. ಅಜ್ಜಿ ಮಾತ್ರ ಒಪ್ಪಲಿಲ್ಲ. ಎಲ್ಲರನ್ನೂ ಎಬ್ಬಿಸಿ ಹೊಳೆಗೆ ಅಡ್ಡವಾಗಿ ತೋಟ ಹತ್ತಿಸಿದರು. ರಸ್ತೆ ಹಿಡಿದು ಕೆಳಗೆ ಓಡಲು ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಕಲ್ಲಿನ ಲಾರಿ ಸುರಿದ ಹಾಗೆ ಶಬ್ದ. ಬೆಳಿಗ್ಗೆ ನೋಡಿದರೆ ಅಡುಗೆಮನೆ ಇಲ್ಲ.

ಕಲ್ಲುಮಣ್ಣು ಸರ್, ನೀರು ಯಾಕೆ ಕಡಿಮೆ ಆಗುತ್ತದೆ? ಇಷ್ಟು ವರ್ಷವಾದರೂ ಚಿಕ್ಕಮ್ಮ ಕೇಳುತ್ತಾರೆ.

ಕಲ್ಲುಮಣ್ಣು · ಸೋಮವಾರ ರಾತ್ರಿ

ಅಕ್ಕಾ, ಮೇಲೆ ಎಲ್ಲೋ ಜಾರಿದ ಮಣ್ಣು ಮರ ಹಳ್ಳಕ್ಕೆ ಅಡ್ಡ ಬಿದ್ದು ಕಟ್ಟೆ ಕಟ್ಟಿದ ಹಾಗೆ ಆಗಿರುತ್ತದೆ. ನೀರು ಅದರ ಹಿಂದೆ ತುಂಬುತ್ತಿರುತ್ತದೆ. ಆ ಕಟ್ಟೆ ಒಡೆದಾಗ ಎಲ್ಲ ಒಟ್ಟಿಗೆ ಬರುತ್ತದೆ. ಮಳೆ ನಿಲ್ಲದೆ ಹಳ್ಳ ಇಳಿದರೆ ಅದು ಓಡುವ ಹೊತ್ತು. ನಿಮ್ಮ ಅಜ್ಜಿ ಅಡ್ಡ ಹತ್ತಿಸಿದ್ದೇ ಸರಿ. ಹಳ್ಳದ ಜೊತೆಗೆ ಕೆಳಗೆ ಓಡಿದರೆ ಅದು ನಮ್ಮನ್ನು ಹಿಡಿಯುತ್ತದೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಪುತ್ತೂರಿನವ · ಮುಂದಿನ ಭಾನುವಾರ

ನಿನ್ನೆ ಸಹೋದ್ಯೋಗಿಯ ಜೊತೆ ಹೋಗಿ ನೋಡಿ ಬಂದೆ.

ಮೋರಿ ಬಾಯಿಗೆ ಕಬ್ಬಿಣದ ಸರಳು ಹಾಕಿದ್ದಾರೆ. ಸರಳಿಗೆ ತೆಂಗಿನ ಮಟ್ಟೆ, ದುರಿಯನ್ ಸಿಪ್ಪೆ, ಪ್ಲಾಸ್ಟಿಕ್, ಬಿದಿರು, ಒಂದು ಹಳೆ ಹಾಸಿಗೆ ಸಿಕ್ಕಿಕೊಂಡಿತ್ತು. ಅರ್ಧಕ್ಕಿಂತ ಜಾಸ್ತಿ ಮುಚ್ಚಿದೆ. ಅಲ್ಲಿಂದ ಮೇಲೆ ಕಾಂಕ್ರೀಟ್ ಗೋಡೆ ಮುಗಿದು ಮಣ್ಣಿನ ದಂಡೆ. ಒಂದು ಕಡೆ ದಂಡೆ ಕಡಿದು ಒಳಗೆಲ್ಲ ಕಾಣುತ್ತಿತ್ತು. ನದಿ ಮರಳಿನ ಹಾಗೆ ಪದರ ಪದರ ಇಲ್ಲ. ಕೆಂಪು ಮಣ್ಣಿನಲ್ಲಿ ಕಲ್ಲುಗಳು ಹೇಗೆಂದರೆ ಹಾಗೆ ಹುಗಿದಿವೆ. ಮುಷ್ಟಿಯಷ್ಟು, ತೆಂಗಿನಕಾಯಿಯಷ್ಟು, ಗ್ಯಾಸ್ ಸಿಲಿಂಡರ್‌ನಷ್ಟು. ದೊಡ್ಡವು ಮೇಲ್ಗಡೆ ಇವೆ. ತೋಡಿನ ಪಕ್ಕದ ಮರಗಳ ಬೆಟ್ಟದ ಕಡೆಯ ತೊಗಟೆ ಸೊಂಟದ ಎತ್ತರಕ್ಕೆ ಕಿತ್ತು ಹೋಗಿ, ಗಾಯ ಮಾಗಿ ಗಂಟು ಕಟ್ಟಿದೆ. ಇನ್ನೊಂದು ಬದಿಯ ತೊಗಟೆ ಚೆನ್ನಾಗಿದೆ.

ಇನ್ನೂ ಮೇಲೆ ಯಾರೋ ಹೊಸ ರಸ್ತೆ ಕಡಿದಿದ್ದಾರೆ. ಅಗೆದ ಮಣ್ಣನ್ನು ಕೆಳಗಿನ ಇಳಿಜಾರಿಗೇ ಸುರಿದು ನೀಲಿ ಟಾರ್ಪಾಲ್ ಹೊದೆಸಿದ್ದಾರೆ. ಟಾರ್ಪಾಲ್ ಹರಿದಿದೆ. ರಸ್ತೆ ಚರಂಡಿಯ ನೀರು ನೇರ ಆ ಮಣ್ಣಿನ ಮೇಲೇ ಬೀಳುತ್ತದೆ. ಬಲೆ, ತಡೆ ಏನೂ ಕಾಣಲಿಲ್ಲ.

ವಾಪಸ್ ಬರುವಾಗ ಪಕ್ಕದ ಮನೆಯ ಚೀನೀ ಅಜ್ಜ ಸಿಕ್ಕಿದರು. ಇಲ್ಲಿ ಎಲ್ಲರೂ ಅಂಕಲ್ ಅಂತಾರೆ. 2017ರ ಆ ರಾತ್ರಿ ಹಿಂದಿನ ಓಣಿಯಲ್ಲಿ ಮೊಣಕಾಲಿನವರೆಗೆ ಕೆಸರಿತ್ತಂತೆ. ಮನೆ ಒಳಗೆ ಬರಲಿಲ್ಲ. ರಾತ್ರಿಯಿಡೀ ತೋಡಿನಲ್ಲಿ ಕಲ್ಲು ಕಲ್ಲಿಗೆ ತಾಗುವ ಶಬ್ದ ಕೇಳಿತಂತೆ. ಒಂದು ಹನಿ ನೀರು ಬಂದಿಲ್ಲ ಅಂದಿದ್ದರಲ್ಲ ಮಾಲೀಕರು, ಹೇಗೆ ನಂಬಲಿ?

ಕಲ್ಲುಮಣ್ಣು · ಭಾನುವಾರ

ಚೆನ್ನಾಗಿ ನೋಡಿದ್ದೀರಿ. ಪದರ ಇಲ್ಲದ ಮಣ್ಣಲ್ಲಿ ಹುಗಿದ ಕಲ್ಲು, ದೊಡ್ಡವು ಮೇಲೆ, ಮರದ ಒಂದೇ ಬದಿಗೆ ಗಾಯ. ಈ ಮೂರೂ ಒಟ್ಟಿಗಿದ್ದರೆ ಆ ಹಳ್ಳ ಹಿಂದೆ ಕಲ್ಲು ಮಣ್ಣು ಹೊತ್ತು ತಂದಿದೆ, ಮರ ಬದುಕಿರುವಷ್ಟು ಹತ್ತಿರದ ಕಾಲದಲ್ಲೂ ತಂದಿದೆ ಅಂತ ಅರ್ಥ. ಪಾರ್ಕಿನ ಕಲ್ಲೂ ಅದರ ಜೊತೆಗೇ ಬಂದಿರುವ ಸಾಧ್ಯತೆ ಈಗ ಜಾಸ್ತಿ.

ನನಗೆ ಹೆಚ್ಚು ಚಿಂತೆ ಆ ಚರಂಡಿ ನೀರಿನದು. ಪೋರ್ಟೊ ರಿಕೊದ ಪೊನ್ಸೆ ಊರಿನ ಮಾಮೆಯೆಸ್ ಬಡಾವಣೆ 1985ರ ಅಕ್ಟೋಬರ್ 7ರ ಬೆಳಗಿನ ಜಾವ ಕುಸಿಯಿತು. ಕನಿಷ್ಠ 129 ಜನ ಸತ್ತರು. ದೊಡ್ಡ ಮಳೆ ಕಾರಣ, ಅದರ ಜೊತೆಗೆ ಮನೆಗಳ ಕೊಳಚೆ ನೀರು ವರ್ಷಗಟ್ಟಲೆ ಆ ಗುಡ್ಡದ ಮಣ್ಣಿಗೇ ಇಂಗುತ್ತಿತ್ತು, ನೀರಿನ ಪೈಪೂ ಸೋರುತ್ತಿತ್ತು. ಗುಡ್ಡ ಒಳಗಿಂದ ಮೊದಲೇ ನೆನೆದಿತ್ತು. ಅದೇ ದ್ವೀಪದಲ್ಲಿ 2017ರ ಮರಿಯಾ ಚಂಡಮಾರುತದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಕಡೆ ಭೂಮಿ ಜಾರಿತು. ಅಷ್ಟು ಮಳೆ ಬಂದರೆ ಕಾಡೂ ಜಾರುತ್ತದೆ. ಆದರೆ ನಾವು ಕಡಿದು, ತುಂಬಿಸಿ, ನೀರು ಕುಡಿಸಿದ ಜಾಗ ಅದಕ್ಕಿಂತ ತುಂಬಾ ಕಡಿಮೆ ಮಳೆಗೇ ಜಾರುತ್ತದೆ.

ಇಳಿಜಾರು · ಭಾನುವಾರ

ಇಲ್ಲೂ ಅಷ್ಟೇ. 1994ರಲ್ಲಿ ಕೆನಡಿ ಟೌನ್‌ನ ಕ್ವುನ್ ಲುಂಗ್ ಲಾವ್‌ನಲ್ಲಿ ಹಳೆ ಕಲ್ಲಿನ ಗೋಡೆ ಬಿದ್ದು ಐದು ಜನ ಸತ್ತರು. ಒಳಗೆ ಹೂತಿದ್ದ ಚರಂಡಿ ಸೋರುತ್ತಿತ್ತು. ಹೊರಗಿಂದ ಗೋಡೆ ಗಟ್ಟಿಯಾಗೇ ಕಾಣುತ್ತಿತ್ತು.

ಆ ಮನೆ ಬೇಡ ಅಣ್ಣ. ಅಪ್ಪ ಅಮ್ಮನ ಜೊತೆ ಅಂತೂ ಬೇಡವೇ ಬೇಡ.

ಬಾಡಿಗೆಮನೆ · ಭಾನುವಾರ ರಾತ್ರಿ

ನನ್ನ ಮೊದಲಿನ ಮಾತು ವಾಪಸ್ ತಗೊಳ್ಳುತ್ತೇನೆ. ಆದರೆ ಒಂದು ಪ್ರಶ್ನೆ ಉಳಿಯಿತು. ಇವರಿಗೆ ಬೇರೆ ಮನೆ ಸಿಗುತ್ತದೆ. ಆ ಸಾಲಿನಲ್ಲಿ ಇರುವವರೆಲ್ಲ ಎಲ್ಲಿಗೆ ಹೋಗಬೇಕು? ಬಾಡಿಗೆ ಕಡಿಮೆ ಅಂತಲೇ ಬಂದವರು ಅವರು.

ಇಳಿಜಾರು · ಸೋಮವಾರ

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕೈಲಾಗುವುದನ್ನು ಹೇಳುತ್ತೇನೆ. ಮೋರಿ ಬಾಯಿ ಪ್ರತಿ ಮಳೆಗೆ ಮುಂಚೆ ಖಾಲಿ ಇರಬೇಕು. ಮೋರಿ ಕಟ್ಟಿಕೊಂಡರೆ ಹಳ್ಳ ತನ್ನ ದಾರಿ ಬಿಟ್ಟು ರಸ್ತೆ ಹಿಡಿಯುತ್ತದೆ, ಆಗ ಯಾವ ಮನೆಗೆ ನುಗ್ಗುತ್ತದೆ ಅಂತ ಹೇಳಲಾಗದು. ಸುರಿದ ಮಣ್ಣಿನ ಫೋಟೋ ತೆಗೆದು ನಗರಸಭೆಗೆ ಬರವಣಿಗೆಯಲ್ಲಿ ದೂರು ಕೊಡಿ. ಬಾಯಿಮಾತು ಲೆಕ್ಕಕ್ಕಿಲ್ಲ. ಜೋರು ಮಳೆಯ ರಾತ್ರಿ ಹಿಂದಿನ ಕೋಣೆಯಲ್ಲಿ ಯಾರೂ ಮಲಗಬಾರದು. ಮಾಳಿಗೆ ಇದ್ದರೆ ಮೇಲೆ, ಮುಂದಿನ ಕೋಣೆಯಲ್ಲಿ ಮಲಗಿ. ಇದೆಲ್ಲ ಮನೆ ಬಿಡುವುದಕ್ಕೆ ಸಮ ಅಲ್ಲ. ಆದರೆ ಹಾಂಗ್‌ಕಾಂಗ್‌ನಲ್ಲಿ ಸಾವು ಕಡಿಮೆ ಆದದ್ದು ಇಂಥ ಕೆಲಸವನ್ನು ಐವತ್ತು ವರ್ಷ ಬಿಡದೆ ಮಾಡಿದ್ದಕ್ಕೆ. ಮಳೆ ಏನೂ ಕಡಿಮೆ ಆಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಒಂದೇ ಗಂಟೆಗೆ 158.1 ಮಿ.ಮೀ. ಬಿತ್ತು, 1884ರಿಂದ ಇಟ್ಟ ಲೆಕ್ಕದಲ್ಲಿ ಅದೇ ಅತಿ ಹೆಚ್ಚು.

ಪುತ್ತೂರಿನವ · ಏಳು ವಾರದ ನಂತರ

ಎಲ್ಲರಿಗೂ ಋಣಿ. ಆ ಮನೆ ಬಿಟ್ಟೆವು. ತೋಡಿನಿಂದ ದೂರ, ಸ್ವಲ್ಪ ದಿಬ್ಬದ ಮೇಲೆ ಒಂದನೇ ಮಹಡಿಯ ಮನೆ ಸಿಕ್ಕಿತು. ಹದಿನೆಂಟು ಮೆಟ್ಟಿಲು. ಅಮ್ಮ ನಿಧಾನ ಹತ್ತುತ್ತಾರೆ.

ಬಿಟ್ಟ ಮನೆಗೆ ಎರಡು ಪುಟ್ಟ ಮಕ್ಕಳಿರುವ ತಮಿಳು ಕುಟುಂಬ ಬಂದಿದೆ. ನನಗೆ ತಡೆಯಲಾಗಲಿಲ್ಲ. ಹೋಗಿ ಎಲ್ಲ ಹೇಳಿದೆ. ಅವರು ಮುಂಗಡ ಕೊಟ್ಟಾಗಿತ್ತು. ಜೋರು ಮಳೆ ಬಂದರೆ ಎಷ್ಟು ಹೊತ್ತಾದರೂ ನಮ್ಮಲ್ಲಿಗೆ ಬನ್ನಿ ಅಂತ ನಂಬರ್ ಕೊಟ್ಟು ಬಂದೆ. ಅಂಕಲ್ ಮತ್ತು ಸಾಲಿನ ಇನ್ನೂ ಏಳು ಮನೆಯವರ ಸಹಿ ಹಾಕಿಸಿ ದೂರು ಕೊಟ್ಟೆವು. ಮೋರಿ ಬಾಯಿ ಶುಚಿ ಮಾಡಿದರು. ಮೇಲಿನ ಮಣ್ಣು ಹಾಗೇ ಇದೆ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಆ ಕುಟುಂಬ ಮಕ್ಕಳನ್ನು ಎತ್ತಿಕೊಂಡು ಬಂತು. ನಾಲ್ಕೂ ಜನ ನಮ್ಮ ಹಾಲ್‌ನಲ್ಲಿ ಮಲಗಿದರು. ಏನೂ ಆಗಲಿಲ್ಲ. ಬೆಳಿಗ್ಗೆ ಅಮ್ಮನ ನೀರುದೋಸೆ ತಿಂದು ನಾವೆಲ್ಲ ಒಟ್ಟಿಗೆ ತೋಡು ನೋಡಲು ಹೋದೆವು. ಮೋರಿ ಸರಳಿಗೆ ಒಂದು ಮರದ ದಿಮ್ಮಿ ಅಡ್ಡ ಸಿಕ್ಕಿತ್ತು. ಅದರ ಹಿಂದೆ ರುಬ್ಬುವ ಕಲ್ಲಿನಷ್ಟು ದೊಡ್ಡ ಕಲ್ಲು. ಹಿಂದಿನ ದಿನ ಅದು ಅಲ್ಲಿ ಇರಲಿಲ್ಲ. ಅಪ್ಪ ಬಗ್ಗಿ ಕೈಯಿಟ್ಟು ನೋಡಿದರು. ಫೋಟೋ ಹಾಕಿದ್ದೇನೆ.

ಕಲ್ಲುಮಣ್ಣು · ಅದೇ ದಿನ

ನೋಡಿದೆ. ಕಲ್ಲಿನ ಪಕ್ಕ ಒಂದು ಕೊಡೆ ಇಟ್ಟು ಇನ್ನೊಂದು ಫೋಟೋ ತೆಗೆಯಿರಿ, ಅಳತೆ ಗೊತ್ತಾಗಲಿ. ತಾರೀಕು, ಹಿಂದಿನ ರಾತ್ರಿಯ ಮಳೆಯ ಲೆಕ್ಕ ಬರೆದು ಆ ದೂರಿನ ಜೊತೆ ಇವತ್ತೇ ಸೇರಿಸಿ. ದಿಮ್ಮಿಯನ್ನು ನೀವೇ ಎಳೆಯಲು ಹೋಗಬೇಡಿ, ಹಿಂದೆ ನೀರು ನಿಂತಿರುತ್ತದೆ. ನಗರಸಭೆಯವರನ್ನೇ ಕರೆಸಿ.